ನ್ಯೂಯಾರ್ಕಿನ ಹಿತ್ತಲ ಗಿಡ ಬಾಸ್ಟನ್ನಿನಲ್ಲಿ ಮದ್ದಾದದ್ದು: ವೆಲ್ವೆಟ್ ಅಂಡರ್‌ಗ್ರೌಂಡ್ ಪ್ರಕರಣ

ಹಾಡು ನಿಂತಿತು. ಬಹಳ ಹೊತ್ತಿನಿಂದ ಕಿವಿ ತುಂಬಿದ್ದ ಗದ್ದಲ ಒಮ್ಮೆಲೇ ಇಲ್ಲವಾಯಿತು. ಚಪ್ಪಾಳೆ ಬರಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಐದು ಸೆಕೆಂಡು ಸಭೆಗೆ ಸಭೆಯೇ ಮಂಕು ಕವಿದಂತೆ ಸುಮ್ಮನಿತ್ತು. ಆಮೇಲೆ ಯಾರೋ ತಟ್ಟಿ ಎಬ್ಬಿಸಿದ ಹಾಗೆ ಚಪ್ಪಾಳೆ ಶುರುವಾಯಿತು. 1960ರ ದಶಕದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ಕಂಡ ಈ ಗಳಿಗೆಯನ್ನು ಗಾಯಕ ಜೊನಾಥನ್ ರಿಚ್‌ಮನ್ ಐವತ್ತು ವರ್ಷಗಳ ನಂತರವೂ ಸೆಕೆಂಡು ಎಣಿಸಿ ವಿವರಿಸುತ್ತಾರೆ. ಆಗ ಅವರು ಹೈಸ್ಕೂಲಿನ ಹುಡುಗ.

ವೇದಿಕೆಯ ಮೇಲಿದ್ದ ತಂಡ ವೆಲ್ವೆಟ್ ಅಂಡರ್‌ಗ್ರೌಂಡ್. ಇಂದು ರಾಕ್ ಸಂಗೀತದ ಚರಿತ್ರೆ ಬರೆಯುವ ಯಾರೂ ಈ ಹೆಸರನ್ನು ದಾಟಿ ಮುಂದೆ ಹೋಗುವಂತಿಲ್ಲ. ಆಗಿನ ಪರಿಸ್ಥಿತಿ ಬೇರೆ. ಅವರ ಎರಡನೆಯ ಆಲ್ಬಮ್, ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳನ್ನು ಹೆಸರಿಸುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏರಿದ್ದು 199ನೆಯ ಸ್ಥಾನಕ್ಕೆ. ಅಂದರೆ ಇನ್ನೂರರ ಪಟ್ಟಿಯ ತಳಕ್ಕೆ ಒಂದೇ ಮೆಟ್ಟಿಲು ಬಾಕಿ. ಹುಟ್ಟಿದ ಊರು ನ್ಯೂಯಾರ್ಕಿನಲ್ಲಿ ಮೂರು ವರ್ಷ ಅವರು ಸಾರ್ವಜನಿಕ ಸಂಗೀತ ಕಛೇರಿಯನ್ನೇ ಮಾಡಲಿಲ್ಲ. ಇಂಥವರ ಮುಂದೆ, ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ಇನ್ನೊಂದು ನಗರದಲ್ಲಿ, ಒಂದು ಸಭೆ ಉಸಿರು ಹಿಡಿದು ಕೂರುವುದು ಹೇಗೆ ಸಾಧ್ಯವಾಯಿತು?

ಹೊಸ ತಂಡಗಳು ಬುದ್ಧಿಮಾತು ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಹೇಳುವುದು, ಮೊದಲು ನಿಮ್ಮ ಊರಿನಲ್ಲಿ ನೆಲೆ ಕಂಡುಕೊಳ್ಳಿ ಎಂದು. ಬೆಂಗಳೂರಿನವರು ಮಂಗಳೂರಿನಲ್ಲಿ ನೆಲೆ ಕಂಡುಕೊಳ್ಳಬಹುದೇ ಎಂದು ಯಾರೂ ಕೇಳುವುದಿಲ್ಲ, ದೂರವೇನೋ ಅಷ್ಟೇ. ಈ ಪ್ರಕರಣವನ್ನು ಎತ್ತಿಕೊಂಡದ್ದು ಅದಕ್ಕಾಗಿ.

ತಂಬೂರಿಯಿಂದ ಗಿಟಾರಿಗೆ

ಮೊದಲು ಅವರು ನುಡಿಸುತ್ತಿದ್ದುದು ಏನು ಎಂಬುದು ಗೊತ್ತಾಗಬೇಕು. ಕನ್ನಡದ ಓದುಗರಿಗೆ ಇದನ್ನು ವಿವರಿಸುವುದು ಅಮೆರಿಕದ ಓದುಗರಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ ಶ್ರುತಿ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ನ್ಯೂಯಾರ್ಕಿನ ಸಂಯೋಜಕ ಲಾ ಮಾಂಟೆ ಯಂಗ್ 1950ರ ದಶಕದಲ್ಲಿ ಅಲಿ ಅಕ್ಬರ್ ಖಾನ್ ಅವರ ಸರೋದ್ ಧ್ವನಿಮುದ್ರಿಕೆಯೊಂದನ್ನು ಕೇಳಿದರು. ಸರೋದಿಗಿಂತ ಅದರ ಹಿಂದೆ ಮೀಟುತ್ತಿದ್ದ ತಂಬೂರಿ ಅವರನ್ನು ಹಿಡಿದು ಕೂರಿಸಿತು. ಮುಂದೆ ಅವರು ಕಟ್ಟಿದ ಗುಂಪು ಒಂದೆರಡು ಸ್ವರಗಳನ್ನೇ ಗಂಟೆಗಟ್ಟಲೆ ಎಳೆಯುತ್ತಿತ್ತು. ಶ್ರುತಿಗೆ ಆಧಾರ ಯಾವುದು ಗೊತ್ತೇ? ವಿದ್ಯುತ್ ತಂತಿಯ ಗುಂಯ್‌ಗಾಟ. ಅಮೆರಿಕದಲ್ಲಿ ವಿದ್ಯುತ್ ಸೆಕೆಂಡಿಗೆ 60 ಸಲ ಕಂಪಿಸುತ್ತದೆ. ಫ್ರಿಜ್ ಹೊರಡಿಸುವ ಆ ಸದ್ದಿಗೆ ಅವರು ವಾದ್ಯ ಸೇರಿಸಿಕೊಳ್ಳುತ್ತಿದ್ದರು. (ನಮ್ಮಲ್ಲಿ 50. ನಮ್ಮ ಫ್ರಿಜ್ಜುಗಳು ತುಸು ಮಂದ್ರದಲ್ಲಿ ಹಾಡುತ್ತವೆ.) ಇದೇ ಲಾ ಮಾಂಟೆ ಯಂಗ್ 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ ಘರಾಣೆ ಅದು. ನಮ್ಮ ಕಥೆಗೆ ಆ ಶಿಷ್ಯವೃತ್ತಿ ತಡವಾಗಿ ಬಂದದ್ದು, ಆದರೆ ದಾರಿ ಎತ್ತ ಸಾಗುತ್ತಿತ್ತು ಎಂಬುದನ್ನು ತೋರಿಸುತ್ತದೆ.

ಯಂಗ್ ಅವರ ಗುಂಪಿನಲ್ಲಿ ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ನುಡಿಸುತ್ತಿದ್ದವರು ಜಾನ್ ಕೇಲ್, ಬ್ರಿಟನ್ನಿನ ವೇಲ್ಸ್ ಪ್ರಾಂತದಿಂದ ವಿದ್ಯಾರ್ಥಿವೇತನದ ಮೇಲೆ ಬಂದವರು. ವಿಯೋಲಾಕ್ಕೆ ಗಿಟಾರಿನ ತಂತಿ ಬಿಗಿದು, ಅದರ ಕುದುರೆಯನ್ನು ಅರದಿಂದ ಉಜ್ಜಿ ಮಟ್ಟಸ ಮಾಡಿಕೊಂಡಿದ್ದರು. ಆಗ ಕಮಾನು ಒಂದೇ ಎಳೆತಕ್ಕೆ ಹಲವು ತಂತಿಗಳನ್ನು ಮುಟ್ಟುತ್ತದೆ. ಆ ಹೊತ್ತಿಗೆ ಲೂ ರೀಡ್ ಎಂಬ ಯುವಕ ಅಗ್ಗದ ರೆಕಾರ್ಡು ಕಂಪನಿಯೊಂದಕ್ಕೆ ದಿನಗೂಲಿಯಂತೆ ಹಾಡು ಬರೆದುಕೊಡುತ್ತಿದ್ದ. 1964ರಲ್ಲಿ ಅಂಥದೊಂದು ಹಾಡಿಗಾಗಿ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಕೂಡಿಸಿಕೊಂಡಿದ್ದ. ಆ ಹಾಡಿನ ಪ್ರಚಾರಕ್ಕೆ ಕರೆಸಿಕೊಂಡ ಕೇಲ್ ಅದನ್ನು ನೋಡಿ ಬೆರಗಾದರು. ತಾವು ಯಂಗ್ ಅವರ ಬಳಿ ವ್ರತದಂತೆ ಮಾಡುತ್ತಿದ್ದುದನ್ನು ಈತ ತಮಾಷೆಯ ಕುಣಿತದ ಹಾಡಿಗೆ ಮಾಡಿಟ್ಟಿದ್ದ! ಇಬ್ಬರೂ ಜೊತೆಯಾದರು. ಗಿಟಾರಿಗೆ ಸ್ಟರ್ಲಿಂಗ್ ಮಾರಿಸನ್ ಸೇರಿದರು.

ಮೊದಲ ಡ್ರಮ್ ವಾದಕ ಆಂಗಸ್ ಮಕ್‌ಲೀಸ್ ಬಿಟ್ಟುಹೋದ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1965ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಸಮಿಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಒಂದು ಕಾರ್ಯಕ್ರಮ ಗೊತ್ತಾಯಿತು. ಸಂಭಾವನೆ 75 ಡಾಲರ್. ಅವರು ಹೇಳಿದಾಗ ಶುರುಮಾಡಿ, ಅವರು ಹೇಳಿದಾಗ ನಿಲ್ಲಿಸಬೇಕೇ ಎಂದು ಮಕ್‌ಲೀಸ್ ಕೇಳಿದರು. ಹೌದು ಎಂದಾಗ, ಹಾಗಾದರೆ ತನಗೆ ಆಗದು ಎಂದು ಹೊರಟೇಬಿಟ್ಟರು. ಅವರ ಜಾಗಕ್ಕೆ ಬಂದವರು ಮೋ ಟಕರ್. ಐಬಿಎಂ ಕಂಪನಿಯಲ್ಲಿ ಕಂಪ್ಯೂಟರಿನ ಕಾರ್ಡುಗಳಿಗೆ ತೂತು ಹಾಕುವ ಕೆಲಸದಲ್ಲಿದ್ದ ಹುಡುಗಿ. ಅವರು ಕೂತು ಬಾರಿಸುತ್ತಿರಲಿಲ್ಲ. ದೊಡ್ಡ ಡ್ರಮ್ಮನ್ನು ಮಗ್ಗುಲಾಗಿ ಮಲಗಿಸಿ, ನಿಂತುಕೊಂಡು, ಬಟ್ಟೆಯುಂಡೆಯ ಕೋಲುಗಳಿಂದ ಬಡಿಯುತ್ತಿದ್ದರು. ತಾಳದ ತಟ್ಟೆಗಳನ್ನು ಮುಟ್ಟುತ್ತಿದ್ದುದು ಅಪರೂಪ. ಮೇಲೆ ಝಣಝಣವಿಲ್ಲದ ಕಾರಣ ಗಿಟಾರುಗಳ ನಾದ ಹರಡಿಕೊಳ್ಳಲು ಜಾಗ ಸಿಗುತ್ತಿತ್ತು.

ತಂಬೂರಿಯನ್ನು ಹದವಾಗಿ ಶ್ರುತಿ ಮಾಡಿದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ನಮ್ಮ ಸಂಗೀತಗಾರರು ಅದನ್ನು ಸ್ವಯಂಭೂ ಎನ್ನುತ್ತಾರೆ. ಬಾಸ್ಟನ್ನಿನ ಆ ಹುಡುಗ ವೇದಿಕೆಯ ಮುಂದೆ ನಿಂತು ನಾಲ್ವರ ಕೈಗಳನ್ನೂ ಒಂದೊಂದಾಗಿ ನೋಡುತ್ತಿದ್ದನಂತೆ. ಕೇಳಿಸುತ್ತಿದ್ದ ಸ್ವರಗಳಲ್ಲಿ ಕೆಲವನ್ನು ನಾಲ್ವರಲ್ಲಿ ಯಾರೂ ನುಡಿಸುತ್ತಿರಲಿಲ್ಲವಂತೆ. ಆ ಹುಡುಗನಿಗೆ ಕೇಳಿಸಿದ್ದು ಅದೇ.

ಕೈತಪ್ಪಿದ ಅಂಗಳ

ನ್ಯೂಯಾರ್ಕಿನಲ್ಲಿ ಅವರಿಗೆ ಹೆಸರು ಬರಲಿಲ್ಲವೆಂದಲ್ಲ. ಗ್ರೀನಿಚ್ ವಿಲೇಜ್ ಬಡಾವಣೆಯ ಒಂದು ಕಾಫಿ ಮನೆಯಲ್ಲಿ ನುಡಿಸುತ್ತಿದ್ದಾಗ ಚಿತ್ರಕಲಾವಿದ ಆಂಡಿ ವಾರ್ಹೋಲ್ ಕಣ್ಣಿಗೆ ಬಿದ್ದರು. ಅದೇ ದಿನಗಳಲ್ಲಿ ಆ ಕಾಫಿ ಮನೆಯವರು, ಕರ್ಕಶವಾದ ಒಂದು ಹಾಡನ್ನು ಇನ್ನೊಮ್ಮೆ ನುಡಿಸಿದರೆ ಕೆಲಸದಿಂದ ತೆಗೆಯುತ್ತೇವೆ ಎಂದರು. ಇವರು ಅದನ್ನೇ, ಇನ್ನಷ್ಟು ಜೋರಾಗಿ, ನುಡಿಸಿ ಕೆಲಸ ಕಳೆದುಕೊಂಡರು.

1966ರ ಏಪ್ರಿಲ್‌ನಲ್ಲಿ ಸೇಂಟ್ ಮಾರ್ಕ್ಸ್ ಪ್ಲೇಸಿನಲ್ಲಿ ಡಾಮ್ ಎಂಬ ಸಭಾಂಗಣವನ್ನು ಬಾಡಿಗೆಗೆ ಹಿಡಿದು ವಾರ್ಹೋಲ್ ತಮ್ಮ ಬಹುಮಾಧ್ಯಮ ಪ್ರದರ್ಶನ ನಡೆಸಿದರು. ಗೋಡೆಯ ತುಂಬ ಸಿನಿಮಾ, ಬಣ್ಣದ ದೀಪ, ಚಾವಟಿ ಹಿಡಿದ ನರ್ತಕರು, ನಡುವೆ ಈ ತಂಡ, ಜೊತೆಗೆ ಜರ್ಮನ್ ಗಾಯಕಿ ನಿಕೋ. ಜನ ಮುಗಿಬಿದ್ದರು. ಅವರಲ್ಲಿ ಬಹುಪಾಲು ಬಂದದ್ದು ವಾರ್ಹೋಲರನ್ನು ನೋಡಲು. ಮದುವೆ ಮನೆಯ ಓಲಗಕ್ಕೆ ಕಿವಿಗೊಟ್ಟವರು ಎಷ್ಟು ಮಂದಿ? ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರುವಷ್ಟರಲ್ಲಿ ಡಾಮ್ ಬೇರೆಯವರ ಪಾಲಾಗಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಅವರು ಕಳೆದುಕೊಂಡದ್ದು ಅಭಿಮಾನಿಗಳನ್ನಲ್ಲ, ಅಭಿಮಾನಿಗಳು ಮತ್ತೆ ಮತ್ತೆ ಬಂದು ಸೇರಬಹುದಾಗಿದ್ದ ಜಾಗವನ್ನು.

1967ರ ಮಾರ್ಚ್‌ನಲ್ಲಿ ಮೊದಲ ಆಲ್ಬಮ್ ಹೊರಬಂದಿತು. ಹಾಡುಗಳ ವಸ್ತು ಮಾದಕ ದ್ರವ್ಯ, ದೇಹ, ಸಾವು. ನ್ಯೂಯಾರ್ಕಿನ ರೇಡಿಯೊಗಳು ಹತ್ತಿರ ಸೇರಿಸಲಿಲ್ಲ. ಹಿಂಬದಿಯ ರಟ್ಟಿನ ಚಿತ್ರದಲ್ಲಿ ತನ್ನ ಮುಖ ಬಳಸಿದ್ದಾರೆಂದು ಒಬ್ಬರು ತಕರಾರು ತೆಗೆದದ್ದರಿಂದ ಆಲ್ಬಮ್ಮನ್ನು ಅಂಗಡಿಗಳಿಂದ ಕೆಲಕಾಲ ಹಿಂದಕ್ಕೆ ಪಡೆಯಬೇಕಾಯಿತು. ಪಟ್ಟಿಯಲ್ಲಿ ಅದು 171ರವರೆಗೆ ಏರಿತು. ರೇಡಿಯೊಗಳ ಮೇಲಿನ ಸಿಟ್ಟಿಗೆ ನ್ಯೂಯಾರ್ಕಿನಲ್ಲಿ ನುಡಿಸುವುದನ್ನೇ ಬಿಟ್ಟೆವು ಎಂದು ಮಾರಿಸನ್ ಮುಂದೆ ಹೇಳಿದ್ದಾರೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಇವರಿಗೆ ಬೇರೆ ಊರಿನಲ್ಲಿ ಬಂತು.

ಬರ್ಕ್‌ಲಿ ಬೀದಿ, ಸಂಖ್ಯೆ 53

ಬಾಸ್ಟನ್ನಿನ ಸೌತ್ ಎಂಡ್ ಭಾಗದಲ್ಲಿ ಹಳೆಯ ಇಟ್ಟಿಗೆ ಕಟ್ಟಡವೊಂದಿತ್ತು. ಯೂನಿಟೇರಿಯನ್ ಪಂಥದವರ ಪ್ರಾರ್ಥನಾ ಮಂದಿರವಾಗಿ ಶುರುವಾಗಿ, ಮುಂದೆ ಯಹೂದಿಗಳ ಮಂದಿರವೂ ಆಗಿತ್ತು. ಆಮೇಲೆ ಸ್ವಲ್ಪ ಕಾಲ ಅಲ್ಲಿ ಪ್ರಾಯೋಗಿಕ ಸಿನಿಮಾ ತೋರಿಸುತ್ತಿದ್ದರು. 1967ರ ಜನವರಿಯಲ್ಲಿ ರೇ ರೀಪನ್ ಎಂಬ ವಕೀಲರು ಜೊತೆಗಾರರೊಬ್ಬರೊಂದಿಗೆ ಅದನ್ನು ಸಂಗೀತದ ಅಂಗಳವಾಗಿ ತೆರೆದರು. ಹೆಸರು ಬಾಸ್ಟನ್ ಟೀ ಪಾರ್ಟಿ. 1773ರಲ್ಲಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಪ್ರಸಂಗದ ಹೆಸರು ಅದು. ವೇದಿಕೆಯ ಮೇಲ್ಗಡೆ ದೊಡ್ಡ ಅಕ್ಷರಗಳಲ್ಲಿ 'ದೇವರನ್ನು ಸ್ತುತಿಸಿರಿ' ಎಂಬ ಹಳೆಯ ಬರಹ ಹಾಗೆಯೇ ಉಳಿದಿತ್ತು. ಆ ಬರಹದ ಕೆಳಗೆ ರೀಡ್ ತಮ್ಮ ಹಾಡುಗಳನ್ನು ಹಾಡಿದರು.

1967ರ ಮೇ ತಿಂಗಳಲ್ಲಿ ಅಲ್ಲಿ ನುಡಿಸಿದಾಗ ನಿಕೋ ತಡವಾಗಿ ಬಂದರು. ತಂಡ ಅವರನ್ನು ವೇದಿಕೆ ಹತ್ತಲು ಬಿಡಲಿಲ್ಲ. ಅಲ್ಲಿಗೆ ನಿಕೋ ಜೊತೆಗಿನ ನಂಟು ಮುಗಿಯಿತು. ಅದೇ ವರ್ಷ ವಾರ್ಹೋಲ್ ಜೊತೆಗಿನ ನಂಟೂ ಹರಿಯಿತು. ಟೀ ಪಾರ್ಟಿಯೊಂದಿಗೆ ಒಡನಾಟವಿದ್ದ ಸ್ಟೀವ್ ಸೆಸ್ನಿಕ್ ತಂಡದ ವ್ಯವಸ್ಥಾಪಕರಾದರು. ಹೀಗೆ ಬಾಸ್ಟನ್ನಿಗೆ ಸಿಕ್ಕಿದ್ದು ಚಾವಟಿ ಇಲ್ಲದ, ಚೆಲುವೆ ಇಲ್ಲದ, ಕಪ್ಪು ಬಟ್ಟೆಯ ನಾಲ್ವರು. ನೋಡಲು ಬೇರೇನೂ ಇಲ್ಲದ್ದರಿಂದ ಜನ ಕೇಳತೊಡಗಿದರು ಎಂದು ಹೇಳಿದರೆ ಅತಿಯಾದೀತು, ಆದರೆ ಸುಳ್ಳಾಗದು.

ನಮ್ಮ ಕಂಪನಿ ನಾಟಕದವರು ಒಂದು ಊರಿಗೆ ಹೋದರೆ ಮೊಕ್ಕಾಂ ಹೂಡುತ್ತಿದ್ದರು. ಮೊದಲ ವಾರ ಕಲೆಕ್ಷನ್ ಇರದು. ಊರಿನವರು ಬಂದು ಮೂಸಿ ನೋಡಿ ಹೋಗುತ್ತಾರೆ. ಮೂರನೆಯ ವಾರಕ್ಕೆ ನಟನ ಹೆಸರು ಹಿಡಿದು ಕೂಗುವವರು ಹುಟ್ಟಿಕೊಳ್ಳುತ್ತಾರೆ. ವೆಲ್ವೆಟ್ ಅಂಡರ್‌ಗ್ರೌಂಡ್ ಟೀ ಪಾರ್ಟಿಯಲ್ಲಿ ಮಾಡಿದ್ದು ಇಂಥ ಬಿಡಿಬಿಡಿ ಮೊಕ್ಕಾಂ. ಎರಡು ಮೂರು ರಾತ್ರಿಗಳ ಸರಣಿ, ಕೆಲವು ವಾರ ಬಿಡುವು, ಮತ್ತೆ ಅದೇ ವೇದಿಕೆ. ಹಾರ್ವರ್ಡ್, ಎಂಐಟಿ, ಬಾಸ್ಟನ್ ವಿಶ್ವವಿದ್ಯಾಲಯ ಎಂದು ಎಲ್ಲಿ ನೋಡಿದರಲ್ಲಿ ವಿದ್ಯಾರ್ಥಿಗಳೇ ಇರುವ ಊರು ಅದು. ವಾರಾಂತ್ಯಕ್ಕೆ ಹೋಗಲು ಜಾಗ ಬೇಕಿದ್ದ, ವಿಚಿತ್ರವಾದದ್ದನ್ನು ಕೇಳಿದರೆ ಮರುದಿನ ಅದರ ಬಗ್ಗೆ ವಾದಿಸಲು ಗೆಳೆಯರಿದ್ದ ಹುಡುಗರು. 1968ರ ಮಾರ್ಚ್‌ನಲ್ಲಿ ಇದೇ ರೀಪನ್ ಡಬ್ಲ್ಯುಬಿಸಿಎನ್ ರೇಡಿಯೊದಲ್ಲಿ ರಾತ್ರಿಯ ರಾಕ್ ಪ್ರಸಾರ ಆರಂಭಿಸಿದರು; ಪ್ರಸಾರದ ಒಂದು ಕೋಣೆ ಟೀ ಪಾರ್ಟಿಯ ಹಿಂಬದಿಯಲ್ಲೇ ಇತ್ತು. ನ್ಯೂಯಾರ್ಕಿನಲ್ಲಿ ಬಾಗಿಲು ಹಾಕಿದ್ದ ರೇಡಿಯೊ ಇಲ್ಲಿ ವೇದಿಕೆಗೆ ಬೆನ್ನು ಹಚ್ಚಿ ಕುಳಿತಿತ್ತು.

ಮತ್ತೆ ಮತ್ತೆ ಬಂದವರಿಗೆ ಕೊಡಲು ತಂಡದ ಬಳಿ ಏನಾದರೂ ಇರಬೇಕಲ್ಲ? ಇಲ್ಲಿ ಅವರ ಪ್ರಯೋಗಶೀಲತೆಯೇ ನೆರವಿಗೆ ಬಂದಿತು. ಎರಡನೆಯ ಆಲ್ಬಮ್ಮಿನ ಕೊನೆಯ ಹಾಡು ಧ್ವನಿಮುದ್ರಣದಲ್ಲಿ 17 ನಿಮಿಷ. ವೇದಿಕೆಯ ಮೇಲೆ ಅದು ಅರ್ಧ ಗಂಟೆ ದಾಟುತ್ತಿತ್ತು. ರಾಗದ ಆಲಾಪದಂತೆ ಒಂದೊಂದು ರಾತ್ರಿ ಒಂದೊಂದು ದಾರಿ. ರೀಡ್ ಸಾಲುಗಳನ್ನು ನಿಂತಲ್ಲೇ ಬದಲಿಸುತ್ತಿದ್ದರು. ಇನ್ನೂ ಮುದ್ರಣವಾಗದ ಹಾಡುಗಳು ಮೊದಲು ಈ ಜನರ ಮುಂದೆ ಬರುತ್ತಿದ್ದವು. ಶುಕ್ರವಾರ ಕೇಳಿದವನಿಗೆ ಶನಿವಾರ ಬರಲು ಕಾರಣವಿತ್ತು. ರೆಕಾರ್ಡಿನಲ್ಲಿರುವಂತೆಯೇ ನುಡಿಸುವ ತಂಡಕ್ಕೆ ಈ ಅನುಕೂಲ ಇರುವುದಿಲ್ಲ.

ಜಾಹೀರಾತಿನ ಬಾಸ್ಟನ್

ಈಗ ಈ ಪ್ರಕರಣದ ಅತ್ಯಂತ ರುಚಿಕಟ್ಟಾದ ಭಾಗ.

ಇವರ ರೆಕಾರ್ಡುಗಳನ್ನು ಹೊರತರುತ್ತಿದ್ದ ವರ್ವ್ ಸಂಸ್ಥೆ ಎಂಜಿಎಂ ಕಂಪನಿಯ ಅಂಗ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ತಂಡಗಳು 1967ರಲ್ಲಿ ಚಿನ್ನದ ಮೊಟ್ಟೆ ಇಡುತ್ತಿದ್ದುದನ್ನು ಕಂಡ ಎಂಜಿಎಂ, ಮುಂದಿನ ಊರು ಯಾವುದು ಎಂದು ಹುಡುಕಿ ಬಾಸ್ಟನ್ನಿನ ಮೇಲೆ ಬೆರಳಿಟ್ಟಿತು. 1968ರ ಜನವರಿಯಲ್ಲಿ 'ಬಾಸ್‌ಟೌನ್ ಸೌಂಡ್' ಎಂಬ ಹೆಸರು ಕಟ್ಟಿ, ಅಲ್ಟಿಮೇಟ್ ಸ್ಪಿನಚ್, ಬೀಕನ್ ಸ್ಟ್ರೀಟ್ ಯೂನಿಯನ್, ಆರ್ಫಿಯಸ್ ಎಂಬ ಮೂರು ಬಾಸ್ಟನ್ ತಂಡಗಳನ್ನು ಭಾರಿ ಜಾಹೀರಾತಿನೊಂದಿಗೆ ದೇಶಕ್ಕೆಲ್ಲ ಇಳಿಸಿತು. ದೊಡ್ಡ ವಾರಪತ್ರಿಕೆಗಳೂ ಸುದ್ದಿ ಮಾಡಿದವು. ರಾಕ್ ವಿಮರ್ಶಕರು ಮಾತ್ರ ಇದು ಕಚೇರಿಯಲ್ಲಿ ಕೂತು ಹೆಣೆದ ಊರು ಎಂದು ಬೆನ್ನು ಹತ್ತಿದರು. ಕೆಲವೇ ತಿಂಗಳಲ್ಲಿ ಆ ಹೆಸರು ನಗೆಪಾಟಲಾಯಿತು. ಆ ಮೂರು ತಂಡಗಳಲ್ಲಿ ಕೆಟ್ಟ ಸಂಗೀತಗಾರರಿದ್ದರು ಎಂದು ನಾನು ಹೇಳುವುದಿಲ್ಲ. ಆರ್ಫಿಯಸ್ಸಿನ ಇಂಪು ಇಂದಿಗೂ ಕೇಳುವಂತಿದೆ. ಊರಿನ ಹೆಸರನ್ನು ಊರಿನವರು ಕೊಡುವ ಮೊದಲೇ ಅವರ ಹಣೆಗೆ ಅಂಟಿಸಿದ್ದು ಅವರಿಗೆ ಮುಳುವಾಯಿತು.

ಅದೇ ಜನವರಿಯಲ್ಲಿ, ಅದೇ ಕಂಪನಿಯಿಂದ, ವೆಲ್ವೆಟ್ ಅಂಡರ್‌ಗ್ರೌಂಡಿನ ಎರಡನೆಯ ಆಲ್ಬಮ್ ಹೊರಬಂದಿತು. ಒಂದು ಕೈಯಲ್ಲಿ ಹಣ ಚೆಲ್ಲಿ ಬಾಸ್ಟನ್ನಿನಲ್ಲಿ ಇಲ್ಲದ ಅಲೆಯನ್ನು ಎಬ್ಬಿಸಲು ಹೊರಟ ಕಂಪನಿಗೆ, ಇನ್ನೊಂದು ಕೈಯಲ್ಲಿ ಬಾಸ್ಟನ್ನಿನ ನಿಜವಾದ ಕೇಳುಗ ಬಳಗವಿದ್ದದ್ದು ಕಾಣಲಿಲ್ಲ. ಕಾಣದಿರಲು ಕಾರಣವೂ ಸರಳ: ಕಡತದಲ್ಲಿ ಇವರು ನ್ಯೂಯಾರ್ಕಿನ ತಂಡ. ಆ ವರ್ಷ ವೇಯ್ನ್ ಮೆಗ್ವೈರ್ 'ಕ್ರಾಡ್ಯಾಡಿ' ಎಂಬ ರಾಕ್ ಪತ್ರಿಕೆಗೆ ಬಾಸ್ಟನ್ ಸೌಂಡ್ ಎಂಬ ಶೀರ್ಷಿಕೆಯಡಿ ದೀರ್ಘ ಲೇಖನ ಬರೆದರು. ಅವರು ಅದರಲ್ಲಿ ಎತ್ತಿ ಹಿಡಿದದ್ದು ವೆಲ್ವೆಟ್ ಅಂಡರ್‌ಗ್ರೌಂಡನ್ನು.

ಮನೆ ಮಂದಿಯಾಗಿ ಬಂದ ಡಗ್ ಯೂಲ್

1968ರ ಸೆಪ್ಟೆಂಬರಿನಲ್ಲಿ ತಂಡ ಒಳಗಿನಿಂದ ಬಿರುಕು ಬಿಟ್ಟಿತು. ರೀಡ್ ಒಂದು ದಿನ ಮಾರಿಸನ್ ಮತ್ತು ಟಕರ್ ಅವರನ್ನು ಕರೆದು, ಕೇಲ್ ಹೊರಗೆ ಹೋಗಬೇಕು, ಇಲ್ಲವೇ ತಂಡವೇ ಇಲ್ಲ ಎಂದರು. ಇಬ್ಬರೂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಸುದ್ದಿ ಮುಟ್ಟಿಸುವ ಕೆಲಸ ಮಾರಿಸನ್ ಪಾಲಿಗೆ ಬಂತು. ಕೇಲ್ ತಂಡದೊಂದಿಗೆ ಕೊನೆಯ ಬಾರಿ ನುಡಿಸಿದ್ದು ಸೆಪ್ಟೆಂಬರ್ 28ರಂದು, ಟೀ ಪಾರ್ಟಿಯಲ್ಲಿ.

ಬದಲಿಗೆ ಯಾರು? ಬಾಸ್ಟನ್ನಿಗೆ ಬಂದಾಗ ತಂಡ ಪಕ್ಕದ ಕೇಂಬ್ರಿಡ್ಜಿನ ರಿವರ್ ಸ್ಟ್ರೀಟಿನ ಒಂದು ಮನೆಯಲ್ಲಿ ಇಳಿದುಕೊಳ್ಳುತ್ತಿತ್ತು. ಅಲ್ಲಿ ಬಾಡಿಗೆಗಿದ್ದವರು ಡಗ್ ಯೂಲ್, ಗ್ರಾಸ್ ಮೆನಾಜರಿ ಎಂಬ ಸ್ಥಳೀಯ ತಂಡದ ವಾದಕ. ಒಮ್ಮೆ ಅವರು ಒಳಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದುದು ಮಾರಿಸನ್ ಕಿವಿಗೆ ಬಿತ್ತು. ಹುಡುಗ ಚೆನ್ನಾಗಿ ಕೈ ಕುದುರಿಸಿಕೊಳ್ಳುತ್ತಿದ್ದಾನೆ ಎಂದು ರೀಡ್‌ಗೆ ಹೇಳಿದರು. ಕೇಲ್ ಹೋದ ಮೇಲೆ ಯೂಲ್‌ಗೆ ಕರೆ ಬಂದಿತು. ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡಿನ ವೇದಿಕೆ ಹತ್ತಿದರು. ಒಂದು ಊರಿನಲ್ಲಿ ಕೇಳುಗರನ್ನು ಸಂಪಾದಿಸುವ ಮಾತು ಬಂದಾಗ ನಾವು ಟಿಕೆಟ್ಟಿನ ಲೆಕ್ಕ ಹಾಕುತ್ತೇವೆ. ತಂಗಲು ಒಂದು ಚಾವಡಿ, ಆ ಚಾವಡಿಯಲ್ಲಿ ಮುಂದಿನ ಜೊತೆಗಾರ ಸಿಗುವುದು, ಯಾವ ಲೆಕ್ಕದ ಪುಸ್ತಕದಲ್ಲಿ ಬರುತ್ತದೆ?

ಕೇಲ್ ಹೋದದ್ದರಿಂದ ನಾದದ ಒಂದು ಕಾಲು ಮುರಿಯಿತು. ವಿಯೋಲಾ ಇಲ್ಲ, ಕಿರುಚುವ ಆರ್ಗನ್ ಇಲ್ಲ. 1969ರ ಮಾರ್ಚ್‌ನಲ್ಲಿ ಬಂದ ಮೂರನೆಯ ಆಲ್ಬಮ್ ಪಿಸುಮಾತಿನಂಥದ್ದು. ಗದ್ದಲಕ್ಕೆ ಮರುಳಾಗಿ ಬಂದವರು ಪಿಸುಮಾತಿಗೆ ಎದ್ದು ಹೋಗಬೇಕಿತ್ತು. ಬಾಸ್ಟನ್ನಿನಲ್ಲಿ ಹೋಗಲಿಲ್ಲ. ತಿಂಗಳು ತಿಂಗಳು ನೋಡುತ್ತಿದ್ದವರಿಗೆ ಆ ಬದಲಾವಣೆ ಮನೆಯ ಮಗು ಎತ್ತರವಾದ ಹಾಗೆ ಕಂಡಿರಬೇಕು. 1968ರ ಡಿಸೆಂಬರಿನ ಒಂದು ಧ್ವನಿಮುದ್ರಣದಲ್ಲಿ ರೀಡ್, ದೇಶದಲ್ಲಿ ತಮಗೆ ನುಡಿಸಲು ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ ಎಂದು ಟೀ ಪಾರ್ಟಿಯ ಸಭಿಕರಿಗೆ ಹೇಳುವುದು ಕೇಳಿಸುತ್ತದೆ. ಮಾತು ಕೊಡುವುದರಲ್ಲಿ ಧಾರಾಳಿಯಲ್ಲದ ಮನುಷ್ಯ ಅವರು. ಪತ್ರಕರ್ತರೊಂದಿಗೆ ಅವರ ಜಗಳಗಳು ಹೆಸರುವಾಸಿ.

ಆ ಡಿಸೆಂಬರಿನಲ್ಲೇ ಒಂದು ಪರೀಕ್ಷೆಯೂ ಬಂತು. ಡೆಟ್ರಾಯಿಟ್ ಕಡೆಯ ಎಂಸಿ5 ತಂಡ ಇವರ ಜೊತೆಗೆ ಅದೇ ವೇದಿಕೆಯಲ್ಲಿತ್ತು. ಕ್ರಾಂತಿಯ ಮಾತಾಡುತ್ತಿದ್ದ ತಂಡ. ಅವರೊಡನೆ ನ್ಯೂಯಾರ್ಕಿನ ಉಗ್ರ ರಾಜಕೀಯ ಗುಂಪೊಂದು ಬಂದಿತ್ತು. ಆ ಗುಂಪಿನವರು ವೇದಿಕೆ ಹತ್ತಿ, ಈ ಜಾಗವನ್ನು ಧ್ವಂಸ ಮಾಡಿ ಎಂದು ಸಭಿಕರನ್ನು ಹುರಿದುಂಬಿಸಿದರು. ಆಮೇಲೆ ಬಂದ ರೀಡ್, ಈಗ ನಡೆದದ್ದಕ್ಕೂ ತಮಗೂ ಸಂಬಂಧವಿಲ್ಲ, ಈ ಜಾಗ ತಮಗೆ ಪ್ರಿಯವಾದದ್ದು ಎಂದು ಹೇಳಿ ನುಡಿಸಲು ಶುರುಮಾಡಿದರು. ಆ ಕಾಲದಲ್ಲಿ ಯುವಜನರ ಮುಂದೆ ಹೀಗೆ ಹೇಳುವುದು ಜನಪ್ರಿಯ ನಿಲುವಾಗಿರಲಿಲ್ಲ. ಆದರೆ ಅಂಗಳ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಡಾಮ್ ಅವರಿಗೆ ಕಲಿಸಿತ್ತು.

ಲೆಕ್ಕದ ಪುಸ್ತಕ

ಇಷ್ಟೆಲ್ಲ ಪ್ರೀತಿ ಮಾರಾಟವಾಗಿ ಬದಲಾಯಿತೇ? ಇಲ್ಲ. ಮೂರನೆಯ ಆಲ್ಬಮ್ ಬಂದಾಗ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಒಂದು ಸಭಾಂಗಣ ತುಂಬುವಷ್ಟು ಜನ ಒಂದು ಊರಿನಲ್ಲಿ ಇದ್ದರೆ ಅದು ದೇಶದ ಪಟ್ಟಿಯಲ್ಲಿ ಕಾಣುವ ಸಂಖ್ಯೆಯಲ್ಲ. ಸ್ಥಳೀಯ ಬಳಗದ ಬಗ್ಗೆ ಬರೆಯುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ.

ಇದಕ್ಕೆ ಪ್ರತಿಯಾಗಿ ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೊ ಹೇಳಿದರೆನ್ನಲಾಗುವ ಮಾತೊಂದು ಎಲ್ಲ ಕಡೆ ಓಡಾಡುತ್ತದೆ: ಮೊದಲ ಆಲ್ಬಮ್ಮನ್ನು ಕೊಂಡವರು ಮೂವತ್ತು ಸಾವಿರ, ಆದರೆ ಕೊಂಡ ಪ್ರತಿಯೊಬ್ಬರೂ ಒಂದೊಂದು ತಂಡ ಕಟ್ಟಿದರು ಎಂದು. ಕೇಳಲು ಚೆಂದ. ಎಂಜಿಎಂ ಕೊಟ್ಟ ರಾಯಧನದ ಲೆಕ್ಕದ ಪ್ರಕಾರ 1969ರ ಫೆಬ್ರವರಿ ಹೊತ್ತಿಗೆ ಆ ಆಲ್ಬಮ್ 58,476 ಪ್ರತಿ ಮಾರಾಟವಾಗಿತ್ತು. ಆಗಿನ ಕಾಲಕ್ಕೆ ನಾಚಿಕೆಪಡುವ ಸಂಖ್ಯೆಯೇನಲ್ಲ. ಅಷ್ಟು ಮಂದಿ ತಂಡ ಕಟ್ಟಿಲ್ಲ ಎಂಬುದೂ ಖಚಿತ.

ಬಾಸ್ಟನ್ನಿನಲ್ಲಿ ಉಳಿದದ್ದು ಬೇರೆ ಬಗೆಯ ಆಸ್ತಿ: ಟೇಪುಗಳು. ಕೇಳುಗರು ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದರು. 1969ರ ಮಾರ್ಚ್ 15ರಂದು ಒಬ್ಬ ಅಭಿಮಾನಿಯ ಮೈಕು ರೀಡ್ ಅವರ ಗಿಟಾರಿನ ಆಂಪ್ಲಿಫೈಯರಿಗೆ ತೀರ ಹತ್ತಿರವಿತ್ತು. ಮೊದಲ ಸಲ ಅದನ್ನು ಕೇಳಿದಾಗ ನನ್ನ ಹೆಡ್‌ಫೋನ್ ಕೆಟ್ಟಿದೆಯೆಂದು ಎರಡು ಬಾರಿ ಕಿತ್ತು ಸಿಕ್ಕಿಸಿದೆ. ಹಾಡು ಎಲ್ಲೋ ಪಕ್ಕದ ಬೀದಿಯಲ್ಲಿ ಕೇಳಿಸುತ್ತದೆ, ಡ್ರಮ್ ಗೋಡೆಯಾಚೆ ಯಾರೋ ಅಕ್ಕಿ ಕುಟ್ಟುವಂತೆ. ಗಿಟಾರ್ ಮಾತ್ರ ಕಿವಿಯೊಳಗೇ ಹಲ್ಲು ಮಸೆಯುತ್ತದೆ. ಹತ್ತು ನಿಮಿಷ ಸಹಿಸಿದರೆ ವಿಚಿತ್ರ ಸುಖ. ಎರಡೇ ಪಟ್ಟುಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ, ಅಂದರೆ ಕಾರ್ಡ್‌ಗಳ) ನಡುವೆ ಬಲಗೈ ಎಷ್ಟು ಬಗೆಯಲ್ಲಿ ಓಡಾಡಬಹುದು ಎಂಬುದು ಎಣಿಸಿದಂತೆ ಗೊತ್ತಾಗುತ್ತದೆ. ಸಂಗೀತ ಶಾಲೆಯ ಪಾಠ ಇದ್ದಂತೆ. ವೇದಿಕೆಯ ಅಂಚಿನವರೆಗೆ ಒಬ್ಬ ಅಪರಿಚಿತನಿಗೆ ಮೈಕು ತರಲು ಬಿಟ್ಟ ತಂಡ ಮತ್ತು ಸಭಾಂಗಣದ ಬಗ್ಗೆಯೂ ಅದು ಹೇಳುತ್ತದೆ.

ಆ ಹುಡುಗ

ರಿಚ್‌ಮನ್ 1951ರಲ್ಲಿ ಬಾಸ್ಟನ್ ಹೊರವಲಯದ ನೇಟಿಕ್ ಎಂಬ ಊರಿನಲ್ಲಿ ಹುಟ್ಟಿದವರು. ತಂಡವನ್ನು ಅರವತ್ತು ಎಪ್ಪತ್ತು ಬಾರಿ ನೋಡಿದ್ದಾಗಿ ಹೇಳಿಕೊಂಡಿದ್ದಾರೆ. ತಂಡದವರು ಈ ಹುಡುಗನನ್ನು ಓಡಿಸಲಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಒಳಗೆ ಬಿಟ್ಟರು, ಪ್ರಶ್ನೆಗಳಿಗೆ ಉತ್ತರಿಸಿದರು; ಗಿಟಾರ್ ಹೇಳಿಕೊಟ್ಟದ್ದು ಮಾರಿಸನ್. ಬಾಸ್ಟನ್ನಿನ ಒಂದು ಪತ್ರಿಕೆಗೆ ಅವನು ತಂಡದ ಬಗ್ಗೆ ಲೇಖನವನ್ನೂ ಬರೆದ. 1969ರಲ್ಲಿ ಶಾಲೆ ಮುಗಿದದ್ದೇ ತಡ, ನ್ಯೂಯಾರ್ಕಿಗೆ ಹೋಗಿ ವ್ಯವಸ್ಥಾಪಕ ಸೆಸ್ನಿಕ್ ಅವರ ಮನೆಯ ಸೋಫಾದ ಮೇಲೆ ಮಲಗಿದ. ತಂಡ ಬಾಸ್ಟನ್ನಿಗೆ ಬರುತ್ತಿತ್ತು, ಬಾಸ್ಟನ್ನಿನ ಹುಡುಗ ತಂಡದ ಊರಿಗೆ ಹೋದ. ಸುಮಾರು ಒಂಬತ್ತು ತಿಂಗಳಿಗೆ ಅಲ್ಲಿನ ಮೋಹ ಹರಿಯಿತು.

1970ರ ಬೇಸಿಗೆಯಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಮೂರು ವರ್ಷಗಳ ಬಳಿಕ ತಮ್ಮೂರಿನಲ್ಲಿ ನುಡಿಸಿತು, ಮ್ಯಾಕ್ಸಸ್ ಕಾನ್ಸಾಸ್ ಸಿಟಿ ಎಂಬ ಹೋಟೆಲಿನ ಮಹಡಿಯ ಇಕ್ಕಟ್ಟಾದ ಕೋಣೆಯಲ್ಲಿ. ಹೆರಿಗೆಯ ಕಾರಣ ಟಕರ್ ಇರಲಿಲ್ಲ. ಆಗಸ್ಟ್ 23ರ ರಾತ್ರಿಯ ಕಾರ್ಯಕ್ರಮದೊಂದಿಗೆ ರೀಡ್ ತಂಡ ಬಿಟ್ಟರು. ಟೀ ಪಾರ್ಟಿ ಅಷ್ಟರಲ್ಲಿ ಬರ್ಕ್‌ಲಿ ಬೀದಿ ಬಿಟ್ಟು ಲ್ಯಾನ್ಸ್‌ಡೌನ್ ಬೀದಿಗೆ ಹೋಗಿತ್ತು. 1970ರ ಕೊನೆಗೆ ಅದೂ ಮುಚ್ಚಿತು.

ಅದೇ ವರ್ಷ ಬಾಸ್ಟನ್ನಿಗೆ ಮರಳಿದ ರಿಚ್‌ಮನ್ ಮಾಡರ್ನ್ ಲವರ್ಸ್ ಎಂಬ ತಂಡ ಕಟ್ಟಿದರು. ಹಾರ್ವರ್ಡಿನಲ್ಲಿ ಓದಿದ ಜೆರ್ರಿ ಹ್ಯಾರಿಸನ್ ಕೀಲಿಮಣೆಗೆ ಬಂದರು, ಅವರ ಸಹಪಾಠಿ ಎರ್ನಿ ಬ್ರೂಕ್ಸ್ ಬೇಸ್ ಗಿಟಾರಿಗೆ, ಡೇವಿಡ್ ರಾಬಿನ್ಸನ್ ಡ್ರಮ್ಮಿಗೆ. ಹ್ಯಾರಿಸನ್ ಮುಂದೆ ಟಾಕಿಂಗ್ ಹೆಡ್ಸ್ ಸೇರಿದರು, ರಾಬಿನ್ಸನ್ ಕಾರ್ಸ್ ತಂಡ ಸೇರಿದರು. 1972ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸಿನಲ್ಲಿ ಇವರನ್ನು ಮುದ್ರಿಸಲು ಕುಳಿತ ನಿರ್ಮಾಪಕರು ಬೇರೆ ಯಾರೂ ಅಲ್ಲ, ಜಾನ್ ಕೇಲ್. ಆ ಟೇಪುಗಳು ನಾಲ್ಕು ವರ್ಷ ಧೂಳು ತಿಂದು 1976ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಮೊದಲ ಹಾಡಿನಲ್ಲಿ ಎರಡೇ ಪಟ್ಟುಗಳು, ಟೀ ಪಾರ್ಟಿಯ ಆ ಉದ್ದನೆಯ ಹಾಡಿನಿಂದ ಬಂದವು. ಆರ್ಗನ್ ಬಿಡದೆ ಗುಂಯ್‌ಗುಡುತ್ತದೆ. ಅದರ ಮೇಲೆ ಒಬ್ಬ ಹುಡುಗ ರಾತ್ರಿ ಹೊತ್ತು ಕಾರಿನಲ್ಲಿ ರೇಡಿಯೊ ಹಾಕಿಕೊಂಡು, ಬಾಸ್ಟನ್ನನ್ನು ಸುತ್ತುವರಿಯುವ 128ನೆಯ ಸಂಖ್ಯೆಯ ಹೆದ್ದಾರಿಯಲ್ಲಿ, ದಿನಸಿ ಅಂಗಡಿಯನ್ನು ದಾಟಿ, ಸುಮ್ಮನೆ ಓಡಿಸಿಕೊಂಡು ಹೋಗುತ್ತಿದ್ದಾನೆ.